ಮುಂಬೈ ಫೋರ್ಟ್: ಬರೀ ಹೊರಗಿನಿಂದ ನೋಡಲು ಅಷ್ಟು ದೂರ ಹೋಗಬೇಕಾ?

ಪ್ರಶ್ನೆ: ಸರ್, ನಾವು ಚಿಕ್ಕಮಗಳೂರು ತಾಲ್ಲೂಕಿನವರು. ಅರೇಬಿಕಾ ತೋಟ ಇದೆ. ಮಗ ಫಸ್ಟ್ ಪಿಯುಸಿ, ಮುಂದೆ ಆರ್ಕಿಟೆಕ್ಚರ್ ಓದಬೇಕು ಅಂತಾನೆ. ಮುಂಬೈಯ ವಿಕ್ಟೋರಿಯಾ ಕಾಲದ ಕಟ್ಟಡಗಳನ್ನು ನೋಡಲೇಬೇಕು ಅಂತ ಹಟ ಹಿಡಿದಿದ್ದಾನೆ. ಎರಡು ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಟ್ಟಡಗಳ ಪಟ್ಟಿ ಮಾಡಿಟ್ಟಿದ್ದಾನೆ. ಅತ್ತೆಗೆ 70 ದಾಟಿದೆ, ಮೊಣಕಾಲು ನೋವು. ಆದರೂ ನಾನೂ ಬರ್ತೀನಿ ಅಂತಾರೆ. ನಮ್ಮ ಭಾವ ಮಾತ್ರ, ‘ಅವೆಲ್ಲ ಕೋರ್ಟು, ಆಫೀಸು. ಒಳಗೆ ಬಿಡೋದಿಲ್ಲ. ಬೇಲೂರು, ಹಳೇಬೀಡು ಪಕ್ಕದಲ್ಲೇ ಇರುವಾಗ ಬ್ರಿಟಿಷರ ಕಾಪಿ ನೋಡೋಕೆ ಅಷ್ಟು ದೂರ ಯಾಕೆ? ಮಳೆಗಾಲದಲ್ಲಿ ಆ ಹಳೇ ಕಟ್ಟಡಗಳು ಕುಸಿದು ಬೀಳ್ತವೆ’ ಅಂತ ಹೆದರಿಸಿದ್ದಾರೆ. ವಿಟಿ ಸ್ಟೇಷನ್ನಿನ ನಕ್ಷೆ ನಿಜವಾಗಿ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋಗಬೇಕಿತ್ತು, ಅದಲುಬದಲಾಗಿ ಮುಂಬೈಗೆ ಬಂತು ಅಂತ ವಾಟ್ಸಾಪ್‌ನಲ್ಲೂ ನೋಡಿದೆ. ಕುಯಿಲು ಶುರುವಾದರೆ ನಮಗೆ ಕೈ ಬಿಡುವಿಲ್ಲ. ಜುಲೈ, ಆಗಸ್ಟ್‌ನಲ್ಲಿ ಬಿಡುವು. ಯಾವಾಗ ಹೋಗಬೇಕು? ಅತ್ತೆಯನ್ನು ಕರೆದುಕೊಂಡು ಹೋಗಬಹುದಾ?

ಉತ್ತರ: ಪ್ರಶ್ನೆಗಳು ಬಹಳ ಇವೆ, ಚಿಂತೆ ಮಾತ್ರ ಒಂದೇ. ಇಷ್ಟೆಲ್ಲ ಖರ್ಚು ಮಾಡಿ, ವಯಸ್ಸಾದವರನ್ನು ನಡೆಸಿಕೊಂಡು ಹೋಗಿ, ಕೊನೆಗೆ ಬೀಗ ಹಾಕಿದ ಗೇಟಿನ ಮುಂದೆ ಫೋಟೋ ತೆಗೆಸಿಕೊಂಡು ಬರೋದಾದರೆ ಏನು ಗತಿ ಅಂತ ತಾನೆ?

ಹಳೇ ಕಟ್ಟಡಗಳ ದುರಸ್ತಿ ನನ್ನ ಕಸುಬು. ಮುಂಬೈಯ ಫೋರ್ಟ್ ಭಾಗದಲ್ಲಿ ಕೆಲಸ ಮಾಡಿದ್ದೇನೆ. ಈಗ ಹಾಸನದಲ್ಲಿದ್ದು ನಮ್ಮ ಕಡೆಯ ಎಸ್ಟೇಟ್ ಬಂಗಲೆ, ಹಳೇ ಮನೆಗಳ ಕೆಲಸ ನೋಡಿಕೊಳ್ಳುತ್ತೇನೆ. ನೇರವಾಗಿ ಹೇಳುತ್ತೇನೆ: ಹೋಗಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಆದರೆ ಜುಲೈ ಬೇಡ. ಮಗನ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಡೆದುಹಾಕಿ.

ಒಳಗೆ ಬಿಡೋದಿಲ್ಲ ಅನ್ನೋ ಮಾತಿನಲ್ಲಿ ಅರ್ಧ ಸತ್ಯ ಇದೆ. ಬಾಂಬೆ ಹೈಕೋರ್ಟ್ ಇವತ್ತಿಗೂ ಹೈಕೋರ್ಟೇ. ವಿಟಿ, ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಮಧ್ಯ ರೈಲ್ವೆಯ ಮುಖ್ಯ ಕಚೇರಿ. ಅದರ ಎದುರಿಗಿನ ದೊಡ್ಡ ಕಟ್ಟಡದಲ್ಲಿ ಮಹಾನಗರ ಪಾಲಿಕೆ ನಡೆಯುತ್ತಿದೆ. ರಾಜಾಬಾಯಿ ಗೋಪುರದ ಕೆಳಗೆ ಇರುವುದು ವಿಶ್ವವಿದ್ಯಾಲಯದ ಲೈಬ್ರರಿ. ಅರಮನೆ ನೋಡಿದ ಹಾಗೆ ಟಿಕೆಟ್ ತಗೊಂಡು ಕೋಣೆ ಕೋಣೆ ಸುತ್ತೋಕೆ ಆಗಲ್ಲ, ನಿಜ. ಆದರೆ ಈ ಕಟ್ಟಡಗಳ ಮುಖ್ಯ ವಿಷಯ ಹೊರಗೇ ಇದೆ. ಅದಕ್ಕೆ ಕಾರಣ ಗೊತ್ತಾಗಬೇಕಾದರೆ 1860ರ ದಶಕಕ್ಕೆ ಹೋಗಬೇಕು.

ಆಗ ಮುಂಬೈ ಒಂದು ಕೋಟೆಯ ಒಳಗೆ ಇಕ್ಕಟ್ಟಾಗಿ ಕೂತಿದ್ದ ಊರು. 1861ರಿಂದ 65ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಇಂಗ್ಲೆಂಡಿನ ಮಿಲ್ಲುಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಿತು. ಎಲ್ಲರ ಕಣ್ಣು ಇಲ್ಲಿನ ಹತ್ತಿಯ ಮೇಲೆ ಬಿತ್ತು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಕುಮಟಾ ಬಂದರಿನಿಂದ ಹಡಗು ಹತ್ತಿ ಮುಂಬೈಗೆ ಹೋಗುತ್ತಿತ್ತು. ಊರಿನ ತುಂಬಾ ದುಡ್ಡು ಹರಿಯಿತು. ಅದೇ ಹೊತ್ತಿಗೆ ಗವರ್ನರ್ ಆಗಿದ್ದ ಬಾರ್ಟಲ್ ಫ್ರೀಯರ್ ಕೋಟೆಯ ಗೋಡೆಗಳನ್ನು ಕೆಡವಿಸಿದ. ಗೋಡೆ ಇದ್ದ ಕಡೆ, ಅದರ ಹೊರಗಿನ ಬಯಲಿನ ಅಂಚಿನಲ್ಲಿ ಸಾಲಾಗಿ ಸರ್ಕಾರಿ ಕಟ್ಟಡಗಳು ಎದ್ದವು. ಹಳೇ ಸೆಕ್ರೆಟರಿಯೇಟ್, ವಿಶ್ವವಿದ್ಯಾಲಯದ ಘಟಿಕೋತ್ಸವ ಭವನ, ಲೈಬ್ರರಿ, ಗಡಿಯಾರ ಗೋಪುರ, ಹೈಕೋರ್ಟ್. ಎಲ್ಲದರ ಮುಖ ಪಶ್ಚಿಮಕ್ಕೆ, ಸಮುದ್ರದ ಕಡೆಗೆ. ಆಗ ಸಮುದ್ರ ಈಗಿನಷ್ಟು ದೂರ ಇರಲಿಲ್ಲ, ಅದನ್ನು ಹಿಂದಕ್ಕೆ ತಳ್ಳಿದ್ದು ಆಮೇಲೆ. ಹೀಗೆ ದೂರದಿಂದ ಒಂದೇ ನೋಟಕ್ಕೆ ಕಾಣಲಿ ಅಂತಲೇ ಕಟ್ಟಿದ ಸಾಲು ಇದು. ನಮ್ಮ ಅಧಿಕಾರ ಎಷ್ಟು ಗಟ್ಟಿ ನೋಡಿ ಅಂತ ತೋರಿಸುವ ಉದ್ದೇಶವೂ ಅದರಲ್ಲಿ ಇತ್ತು, ಮುಚ್ಚಿಡೋದು ಏನಿಲ್ಲ. ಆ ಬಯಲೇ ಇವತ್ತಿನ ಓವಲ್ ಮೈದಾನ.

ಹಾಗಾಗಿ ಓವಲ್‌ನಲ್ಲಿ ನಿಂತು ನೋಡಿದರೆ ನೀವು ‘ಬರೀ ಹೊರಗಿನಿಂದ’ ನೋಡಿದ ಹಾಗಲ್ಲ. ಕಟ್ಟಿದವರು ಎಲ್ಲಿ ನಿಂತು ನೋಡಲಿ ಅಂತ ಬಯಸಿದ್ದರೋ ಅಲ್ಲೇ ನಿಂತಿರುತ್ತೀರಿ. ಬೆನ್ನು ತಿರುಗಿಸಿದರೆ ಇನ್ನೊಂದು ಕಾಲ ಕಾಣುತ್ತದೆ. ಮೈದಾನದ ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೋ ಮನೆಗಳ ಸಾಲು, ದುಂಡನೆ ಬಾಲ್ಕನಿ, ತಿಳಿ ಬಣ್ಣ, ಮೂಲೆಯಲ್ಲಿ 1938ರ ಈರೋಸ್ ಥಿಯೇಟರ್. ಈ ಎರಡೂ ಸಾಲುಗಳನ್ನು ಸೇರಿಸಿ, ಒಟ್ಟು 94 ಕಟ್ಟಡಗಳನ್ನು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ವಿಟಿ ಅದಕ್ಕೂ ಮುಂಚೆ, 2004ರಲ್ಲೇ ಒಂಟಿಯಾಗಿ ಪಟ್ಟಿ ಸೇರಿತ್ತು.

ಈಗ ಮೆಲ್ಬರ್ನ್ ಕಥೆ. ಇದು ಬಹಳ ಹಳೆಯದು, ಮೆಲ್ಬರ್ನ್‌ನಲ್ಲೂ ಇದನ್ನೇ ಹೇಳುತ್ತಾರಂತೆ. ಅಲ್ಲಿನ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿಗೆ ಗುಮ್ಮಟ ಇದೆ, ನಮ್ಮ ವಿಟಿಗೆ ಚೂಪು ಗೋಪುರಗಳಿವೆ, ಹಾಗಾಗಿ ಅಂಚೆಯಲ್ಲಿ ನಕ್ಷೆ ಅದಲುಬದಲಾಯಿತು ಅನ್ನೋ ವಾದ. ತಾರೀಖು ನೋಡಿದರೆ ಸಾಕು, ಕಥೆ ನಿಲ್ಲಲ್ಲ. ವಿಟಿ ಕೆಲಸ ಶುರುವಾದದ್ದು 1878ರಲ್ಲಿ, ಹತ್ತು ವರ್ಷ ಹಿಡಿಯಿತು. ಮೆಲ್ಬರ್ನ್ ಕಟ್ಟಡಕ್ಕೆ ನಕ್ಷೆಯ ಸ್ಪರ್ಧೆ ನಡೆದದ್ದೇ 1899ರಲ್ಲಿ. ಅದೂ ಅಲ್ಲದೆ ವಿಟಿ ನಕ್ಷೆ ಮಾಡಿದ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಇಲ್ಲೇ ಲೋಕೋಪಯೋಗಿ ಇಲಾಖೆಯಲ್ಲಿ ಇದ್ದವನು. ಎದುರಿನ ಪಾಲಿಕೆ ಕಟ್ಟಡವೂ ಅವನದೇ, 1893ರದ್ದು. ಎರಡನ್ನೂ ಅಕ್ಕಪಕ್ಕ ನೋಡಿದರೆ ಒಂದೇ ಕೈ ಅಂತ ಗೊತ್ತಾಗಿಬಿಡುತ್ತದೆ.

ಇನ್ನೊಂದು ತಪ್ಪು ಕಲ್ಪನೆಯನ್ನು ಟ್ಯಾಕ್ಸಿಯವರು, ಕೆಲವು ಗೈಡುಗಳು ಹಬ್ಬಿಸುತ್ತಾರೆ. ಕಲ್ಲಿನ ಹಳೇ ಕಟ್ಟಡ ಕಂಡರೆ ಎಲ್ಲಾ ವಿಕ್ಟೋರಿಯಾ ರಾಣಿ ಕಟ್ಟಿಸಿದ್ದು ಅನ್ನುತ್ತಾರೆ. ಆಕೆ ರಾಣಿಯಾಗಿದ್ದದ್ದು 1837ರಿಂದ 1901ರ ತನಕ. ಮುಂಬೈಗೆ ಒಮ್ಮೆಯೂ ಬಂದವಳಲ್ಲ. ದಪ್ಪ ಕಂಬಗಳ ಟೌನ್ ಹಾಲ್, ಏಷಿಯಾಟಿಕ್ ಸೊಸೈಟಿ ಇರುವುದು, 1833ರದ್ದು, ಆಕೆಗಿಂತ ಮುಂಚಿನದು. ತಾಜ್ ಹೋಟೆಲ್ 1903. ಗೇಟ್‌ವೇ ಆಫ್ ಇಂಡಿಯಾ ಮುಗಿದದ್ದು 1924ರಲ್ಲಿ. ಅಂದರೆ ನೀವು ಗೇಟ್‌ವೇ ನೋಡಿ ವಾಪಸ್ ಬಂದರೆ ವಿಕ್ಟೋರಿಯಾ ಕಾಲದ ಮುಂಬೈ ನೋಡಿದ ಹಾಗೆ ಆಗಲ್ಲ.

ಆದರೆ ಆಮೇಲಿನ ಒಂದು ಕಟ್ಟಡವನ್ನು ಕನ್ನಡಿಗರು ಬಿಡಬಾರದು. ವಿಟಿ ಪಕ್ಕದಲ್ಲೇ ಇರುವ ಜನರಲ್ ಪೋಸ್ಟ್ ಆಫೀಸ್, ಜಾನ್ ಬೆಗ್ ನಕ್ಷೆ ಮಾಡಿದ್ದು, 1913ರದ್ದು. ಅದರ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಲ್‌ಗುಂಬಜ್. ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅನ್ನುತ್ತಿದ್ದ ಫೋರ್ಟಿನ ದೊಡ್ಡ ವಸ್ತುಸಂಗ್ರಹಾಲಯದ ಗುಮ್ಮಟವೂ ಅದರ ಛಾಯೆಯೇ. ಆಗ ವಿಜಯಪುರ, ಬೆಳಗಾವಿ, ಧಾರವಾಡ, ಕಾರವಾರ ಎಲ್ಲ ಮುಂಬೈ ಪ್ರಾಂತ್ಯದಲ್ಲೇ ಇದ್ದವಲ್ಲ. ಬ್ರಿಟಿಷ್ ಎಂಜಿನಿಯರುಗಳು ಅಲ್ಲಿಗೆ ಹೋಗಿ ಅಳತೆ ತೆಗೆದು ತಂದರು. ಕಾಪಿ ಅಂತ ಭಾವ ಅಂದರಲ್ಲ, ಯಾರದನ್ನು ಯಾರು ಕಾಪಿ ಮಾಡಿದರು ಅಂತ ಪೋಸ್ಟ್ ಆಫೀಸಿನ ಒಳಗೆ ನಿಂತು ತಲೆ ಎತ್ತಿ ನೋಡಬಹುದು. ಇದು ಸಾರ್ವಜನಿಕ ಕಚೇರಿ, ಒಳಗೆ ಹೋಗೋಕೆ ತೊಂದರೆ ಇಲ್ಲ. ಒಂದು ಇನ್‌ಲ್ಯಾಂಡ್ ಲೆಟರ್ ತಗೊಂಡರೆ ಇನ್ನೂ ವಾಸಿ.

ಕಾಪಿ ಅನ್ನುವ ಮಾತನ್ನು ಅಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ. ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ರಾಜಾಬಾಯಿ ಗೋಪುರದ ನಕ್ಷೆ ಮಾಡಿದ ಗಿಲ್ಬರ್ಟ್ ಸ್ಕಾಟ್ ಲಂಡನ್‌ನಲ್ಲಿ ಕೂತೇ ಬರೆದು ಕಳಿಸಿದ. ಭಾರತಕ್ಕೆ ಬರಲೇ ಇಲ್ಲ. ಅಷ್ಟರ ಮಟ್ಟಿಗೆ ಇದು ಹೊರಗಿನದು. ಆದರೆ ಕಾಗದದ ಮೇಲಿನ ಗೆರೆ ಕಲ್ಲಾಗುವಾಗ ಬಹಳ ಬದಲಾಯಿತು. ಮೊದಲನೆಯದು ಬಿಸಿಲು, ಮಳೆ. ಇಂಗ್ಲೆಂಡಿನ ಗಾಥಿಕ್, ಅಂದರೆ ಚೂಪು ಕಮಾನಿನ ಶೈಲಿಯ ಕಟ್ಟಡಕ್ಕೆ ಬೆಳಕು ಬೇಕು, ಹಾಗಾಗಿ ದೊಡ್ಡ ಕಿಟಕಿ. ಇಲ್ಲಿ ಪಶ್ಚಿಮದ ಬಿಸಿಲು ನೇರ ಬಂದರೆ ಒಳಗೆ ಕೂರೋಕೆ ಆಗಲ್ಲ. ಅದಕ್ಕೇ ಹೈಕೋರ್ಟಿಗೂ ಸೆಕ್ರೆಟರಿಯೇಟಿಗೂ ಮುಂದುಗಡೆ ಕಮಾನುಗಳ ಉದ್ದನೆ ವರಾಂಡಾ ಬಂತು. ಗೋಡೆಯ ಮೇಲೆ ನೆರಳು, ಮಳೆಗೆ ತಡೆ, ಗಾಳಿಗೆ ದಾರಿ. ನಿಮ್ಮ ಕಡೆಯ ಯಾವುದಾದರೂ ಹಳೇ ಎಸ್ಟೇಟ್ ಬಂಗಲೆ ನೆನಪಿಸಿಕೊಳ್ಳಿ. ಸುತ್ತ ಅಗಲವಾದ ವರಾಂಡಾ ಇರುತ್ತಲ್ಲ, ಕಾರಣ ಅದೇ.

ಎರಡನೆಯದು ಕಲ್ಲು. ಕಲ್ಲೆಲ್ಲ ಇಂಗ್ಲೆಂಡಿನಿಂದ ಬಂತು ಅಂತ ಬಹಳ ಜನ ನಂಬಿದ್ದಾರೆ. ಫ್ಲೋರಾ ಫೌಂಟನ್ ಅನ್ನುವ 1864ರ ಕಾರಂಜಿಯ ಕಲ್ಲು ಅಲ್ಲಿಂದ ಬಂದದ್ದು ನಿಜ. ಕಟ್ಟಡಗಳ ಕಲ್ಲು ಬಹುಪಾಲು ಇಲ್ಲಿಯದೇ. ಮುಂಬೈಯ ನೆಲ ಡೆಕ್ಕನ್ ಟ್ರ್ಯಾಪ್, ಅಂದರೆ ಲಾವಾ ಹರಿದು ಗಟ್ಟಿಯಾದ ಕರಿ ಬಸಾಲ್ಟ್. ಅದು ಉಕ್ಕಿನ ಹಾಗೆ ಗಟ್ಟಿ, ಕುಸುರಿ ಕೆಲಸಕ್ಕೆ ಒಗ್ಗಲ್ಲ. ಅದನ್ನು ಗೋಡೆಗೆ, ಅಡಿಪಾಯಕ್ಕೆ ಹಾಕಿದರು. ಮುಖಕ್ಕೆ ಕುರ್ಲಾ, ಮಲಾಡ್ ಕಡೆಯ ಹಳದಿ ಛಾಯೆಯ ಕಲ್ಲು. ಸೂಕ್ಷ್ಮ ಕೆತ್ತನೆ ಬೇಕಾದ ಕಡೆ ಗುಜರಾತಿನ ಪೋರಬಂದರಿನ ಮೆತ್ತನೆ ಸುಣ್ಣಕಲ್ಲು. ಕೆತ್ತಿದವರಲ್ಲಿ 1857ರಲ್ಲಿ ಶುರುವಾದ ಜೆಜೆ ಸ್ಕೂಲ್ ಆಫ್ ಆರ್ಟ್‌ನ ವಿದ್ಯಾರ್ಥಿಗಳೂ ಇದ್ದರು. ವಿಟಿಯ ಕಂಬದ ತಲೆಗಳಲ್ಲಿ ನವಿಲು, ಕೋತಿ, ಇಲ್ಲಿನ ಎಲೆ ಬಳ್ಳಿ ಕಾಣುವುದು ಸುಮ್ನೆ ಅಲ್ಲ.

ಬೇಲೂರು ನೋಡಿ ಬೆಳೆದ ಹುಡುಗನಿಗೆ ಇದು ಬೇಗ ಹಿಡಿಯುತ್ತದೆ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಶಿಲಾಬಾಲಿಕೆಯ ಬಳೆಯ ಒಳಗೂ ಉಳಿ ಆಡಿತು. ಮುಂಬೈಯಲ್ಲಿ ಆ ಸೌಕರ್ಯ ಇರಲಿಲ್ಲ, ಹಾಗಾಗಿ ಬಣ್ಣ ಬಣ್ಣದ ಕಲ್ಲುಗಳನ್ನು ಜೋಡಿಸಿ ಅಂದ ತಂದರು. ಯಾವುದು ಹೆಚ್ಚು ಅನ್ನೋ ಚರ್ಚೆ ನನಗೆ ಬೇಡ. ಕೆತ್ತನೆ ಮಾತ್ರ ಲೆಕ್ಕಕ್ಕೆ ಇಟ್ಟುಕೊಂಡರೆ ಬೇಲೂರಿನ ಮುಂದೆ ಮುಂಬೈ ನಿಲ್ಲಲ್ಲ, ಅದನ್ನು ಒಪ್ಪಿಕೊಂಡೇ ಹೋಗಿ. ನೋಡಬೇಕಾದದ್ದು, ಕಲ್ಲು ಬದಲಾದಾಗ ಕೆಲಸಗಾರ ಹೇಗೆ ಬದಲಾದ ಅನ್ನೋದು. ಮಗ ಒಂದು ಸಣ್ಣ ಡ್ರಾಯಿಂಗ್ ಪುಸ್ತಕ ಇಟ್ಟುಕೊಂಡು, ಒಂದೇ ಕಟ್ಟಡದಲ್ಲಿ ಯಾವ ಜಾಗಕ್ಕೆ ಯಾವ ಬಣ್ಣದ ಕಲ್ಲು ಬಂದಿದೆ ಅಂತ ಗುರುತು ಹಾಕಲಿ. ಇಪ್ಪತ್ತು ಕಟ್ಟಡದ ಸೆಲ್ಫಿಗಿಂತ ಇದು ಅವನ ಓದಿಗೆ ಉಪಯೋಗ.

ಕಥೆಗಳೂ ಇವೆ. ಹೈಕೋರ್ಟಿನ ಒಂದು ಕಂಬದಲ್ಲಿ ಒಂದು ಕಣ್ಣಿಗೆ ಬಟ್ಟೆ ಕಟ್ಟಿದ ಕೋತಿ ನ್ಯಾಯದ ತಕ್ಕಡಿ ಹಿಡಿದಿದೆ. ವಕೀಲರ ಬ್ಯಾಂಡ್ ಕಟ್ಟಿದ ನರಿಯೂ ಇದೆ. ಕೇಸು ಸೋತ ಒಬ್ಬ ಪಾರ್ಸಿ ಗುತ್ತಿಗೆದಾರ ಸೇಡು ತೀರಿಸಿಕೊಂಡ ಅಂತ ಹೇಳುತ್ತಾರೆ. ಕೆತ್ತನೆ ನಿಜ, ಸೇಡನ್ನು ಕಥೆ ಅಂತಲೇ ಕೇಳಿ. ರಾಜಾಬಾಯಿ ಅನ್ನುವುದು ಹತ್ತಿಯ ದೊಡ್ಡ ವ್ಯಾಪಾರಿ ಪ್ರೇಮಚಂದ್ ರಾಯಚಂದ್ ಅವರ ತಾಯಿಯ ಹೆಸರು. ಗೋಪುರಕ್ಕೆ ದುಡ್ಡು ಕೊಟ್ಟವರು ಅವರೇ, ತಾಯಿಯ ಹೆಸರಿಡಬೇಕು ಅನ್ನುವುದು ಅವರ ಕರಾರು. ಯುದ್ಧ ಮುಗಿದು 1865ರಲ್ಲಿ ಹತ್ತಿ ಬೆಲೆ ಬಿದ್ದಾಗ ಅವರೂ ಬಿದ್ದರು. ಗೋಪುರ ಮಾತ್ರ 1878ರಲ್ಲಿ ಮುಗಿಯಿತು, ಸುಮಾರು 85 ಮೀಟರ್ ಎತ್ತರ. ಕಾಫಿ ಬೆಲೆ ಏರಿಳಿತ ಕಂಡವರಿಗೆ ಈ ಕಥೆ ಬೇರೆಯವರಿಗಿಂತ ಚೆನ್ನಾಗಿ ಅರ್ಥ ಆಗುತ್ತದೆ. ಗೋಪುರ ಹತ್ತಲು ಬಿಡುವುದಿಲ್ಲ, ಮಗನಿಗೆ ಈಗಲೇ ಹೇಳಿಡಿ.

ಒಳಗೆ ಹೋಗಿ ನೋಡಲೇಬೇಕು ಅನ್ನುವವರಿಗೂ ಜಾಗಗಳಿವೆ. ವಿಟಿಯ ಲೋಕಲ್ ಟಿಕೆಟ್ ಕೌಂಟರಿನ ಹಾಲ್ ನೋಡಿ. ಚಾವಣಿಯಲ್ಲಿ ನಕ್ಷತ್ರಗಳಿವೆ, ಸ್ಟಾರ್ ಚೇಂಬರ್ ಅಂತಲೇ ಕರೆಯುತ್ತಾರೆ. ಲಕ್ಷಾಂತರ ಜನ ತಲೆ ಎತ್ತದೆ ಹಾದುಹೋಗುವ ಜಾಗ ಅದು. ರೈಲ್ವೆಯವರ ಹೆರಿಟೇಜ್ ಗ್ಯಾಲರಿಗೆ ವಾರದ ದಿನಗಳಲ್ಲಿ ಮಧ್ಯಾಹ್ನ ಟಿಕೆಟ್ ಪಡೆದು ಹೋಗಬಹುದು. ಪಾಲಿಕೆ ಕಟ್ಟಡದ ಒಳಗೆ ವಾರಾಂತ್ಯದಲ್ಲಿ ಗೈಡ್ ಜೊತೆ ಕರೆದೊಯ್ಯುವ ವ್ಯವಸ್ಥೆ 2021ರಿಂದ ಇದೆ. ಎರಡಕ್ಕೂ ಹೊರಡುವ ವಾರದಲ್ಲಿ ಒಮ್ಮೆ ವಿಚಾರಿಸಿ, ಇಂಥ ಸಮಯಗಳು ಬದಲಾಗುತ್ತಿರುತ್ತವೆ. 1869ರ ಕ್ರಾಫರ್ಡ್ ಮಾರ್ಕೆಟ್‌ಗೆ ಯಾರ ಅನುಮತಿಯೂ ಬೇಡ. ಬಾಗಿಲ ಮೇಲಿನ ಉಬ್ಬು ಶಿಲ್ಪ ಲಾಕ್‌ವುಡ್ ಕಿಪ್ಲಿಂಗ್ ಮಾಡಿದ್ದು, ಬರಹಗಾರ ರುಡ್ಯಾರ್ಡ್ ಕಿಪ್ಲಿಂಗನ ತಂದೆ.

ನನ್ನನ್ನು ಒಂದೇ ಒಂದು ಹೇಳಿ ಅಂದರೆ ಬೈಕುಲ್ಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ. 1872ರಲ್ಲಿ ತೆರೆದದ್ದು, ಆಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅಂತ ಹೆಸರು. ಎರಕದ ಕಬ್ಬಿಣದ ಕಂಬ, ಬಣ್ಣದ ಚಾವಣಿ. ದುರಸ್ತಿ ಎಷ್ಟು ಚೆನ್ನಾಗಿ ಆಗಿದೆ ಅಂದರೆ 2005ರಲ್ಲಿ ಅದಕ್ಕೆ ಯುನೆಸ್ಕೊ ಪ್ರಶಸ್ತಿ ಬಂತು. ಬುಧವಾರ ರಜೆ.

ಈಗ ಕುಸಿಯುವ ವಿಷಯ. ಇದನ್ನು ಭಾವ ಸುಮ್ಮನೆ ಹೇಳಿದ್ದಲ್ಲ, ಆದರೆ ಎರಡು ಬೇರೆ ಬೇರೆ ಜಾತಿಯ ಕಟ್ಟಡಗಳನ್ನು ಒಂದೇ ಬುಟ್ಟಿಗೆ ಹಾಕಿದ್ದಾರೆ. ಹೈಕೋರ್ಟ್, ವಿಶ್ವವಿದ್ಯಾಲಯ, ವಿಟಿಯಂಥ ಕಟ್ಟಡಗಳಿಗೆ ಒಡೆಯರು ಇದ್ದಾರೆ, ದುರಸ್ತಿಗೆ ದುಡ್ಡು ಇದೆ. ಮಳೆಗಾಲದಲ್ಲಿ ಸುದ್ದಿಗೆ ಬರುವುದು ಹೆಚ್ಚಾಗಿ ಬಾಡಿಗೆದಾರರು ತುಂಬಿದ ಹಳೇ ಖಾಸಗಿ ಕಟ್ಟಡಗಳು. 1947ರ ಬಾಡಿಗೆ ನಿಯಂತ್ರಣ ಕಾಯ್ದೆಯಿಂದ ಬಾಡಿಗೆ ದಶಕಗಟ್ಟಲೆ ಹಾಗೇ ನಿಂತುಬಿಟ್ಟಿತು. ಬಾಡಿಗೆ ಬಂದದ್ದು ಸುಣ್ಣ ಹೊಡೆಸಲೂ ಸಾಲದು ಅಂತ ಮಾಲೀಕ ಕೈಬಿಟ್ಟ. ಇನ್ನೊಬ್ಬರ ಕಟ್ಟಡಕ್ಕೆ ನಾವ್ಯಾಕೆ ಹಾಕೋಣ ಅಂತ ಬಾಡಿಗೆದಾರನೂ ಬಿಟ್ಟ.

ಫೋರ್ಟಿನ ಕಾಲಾ ಘೋಡಾ ಅನ್ನುವ ಜಾಗದಲ್ಲಿರುವ ಎಸ್ಪ್ಲನೇಡ್ ಮ್ಯಾನ್ಷನ್ ಇದಕ್ಕೆ ಉದಾಹರಣೆ. ಹಿಂದೆ ವಾಟ್ಸನ್ ಹೋಟೆಲ್. 1860ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ ಕಬ್ಬಿಣದ ಕಟ್ಟಡ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಇಲ್ಲೇ. ಅಂಥ ಕಟ್ಟಡದ ಬಾಲ್ಕನಿಯ ಒಂದು ಭಾಗ 2005ರಲ್ಲಿ ಕುಸಿದು ಒಬ್ಬರು ಸತ್ತರು. ಇದನ್ನು ರಸ್ತೆಯ ಆಚೆ ಬದಿಯಿಂದಲೇ ನೋಡಿ.

ಕುಸಿತಕ್ಕೆ ವಯಸ್ಸು ಮಾತ್ರ ಕಾರಣ ಅಲ್ಲ. ಸಮುದ್ರದ ಗಾಳಿಯಲ್ಲಿ ಉಪ್ಪು ಇರುತ್ತದೆ. ಕಲ್ಲುಗಳನ್ನು ಹಿಡಿದಿಡಲು ಒಳಗೆ ಹಾಕಿದ ಕಬ್ಬಿಣದ ಕೊಂಡಿಗಳಿಗೆ ನೀರು, ಉಪ್ಪು ತಾಗಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಆ ಬಿರುಕಿನಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆಯುತ್ತದೆ. ಅದರ ಮೇಲೆ ಯಾರಾದರೂ ‘ರಿಪೇರಿ’ ಅಂತ ಸಿಮೆಂಟ್ ಮೆತ್ತಿದರೆ ಮುಗಿಯಿತು. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಒಳಗೇ ಹಿಡಿದಿಡುತ್ತದೆ. ಇದೇ ತಪ್ಪು ನಮ್ಮ ಕಡೆ ಎಷ್ಟೋ ಬಂಗಲೆಗಳಲ್ಲೂ ಆಗಿದೆ. ನಿಮ್ಮ ತೋಟದ ಮನೆ ಹಳೆಯದಾಗಿದ್ದರೆ ಗೋಡೆಗೆ ಸಿಮೆಂಟ್ ಮೆತ್ತಿಸುವ ಮುಂಚೆ ಸುಣ್ಣದ ಕೆಲಸ ಗೊತ್ತಿದ್ದವರನ್ನು ಕೇಳಿ. ಇದು ನೀವು ಕೇಳದ ಪ್ರಶ್ನೆ, ಗೊತ್ತು.

ಮುಂಬೈಯಲ್ಲಿ ನೀವು ಪಾಲಿಸಬೇಕಾದದ್ದು ಇಷ್ಟೇ. ಮರದ ಊರುಗೋಲು ಕೊಟ್ಟಿರುವ, ಬಾಲ್ಕನಿಯಲ್ಲಿ ಗಿಡ ಬೆಳೆದಿರುವ ಕಟ್ಟಡದ ಕೆಳಗೆ ನಿಂತು ಫೋಟೋ ತೆಗೆಯಬೇಡಿ. ಮಳೆ ಬರುವಾಗ ಅದರ ಕೆಳಗೆ ಆಸರೆಗೂ ನಿಲ್ಲಬೇಡಿ.

ಹಾಗಾದರೆ ಯಾವಾಗ ಹೋಗೋದು? ಮಲೆನಾಡಿನವರಿಗೆ ಮಳೆ ಹೊಸದಲ್ಲ ಅಂತ ನೀವು ಅಂದುಕೊಂಡಿರಬಹುದು. ನಮ್ಮಲ್ಲಿ ಎಷ್ಟೇ ಸುರಿದರೂ ನೀರು ಹಳ್ಳ ಹಿಡಿದು ಇಳಿದುಹೋಗುತ್ತದೆ. ಮುಂಬೈಯಲ್ಲಿ ಬಹಳ ಜಾಗ ಸಮುದ್ರ ಮಟ್ಟಕ್ಕೆ ಸಮ, ಕೆಲವು ಕಡೆ ಕೆಳಗೆ. ದೊಡ್ಡ ಮಳೆಯೂ ಸಮುದ್ರದ ಭರತವೂ ಒಟ್ಟಿಗೆ ಬಂದರೆ ಚರಂಡಿಯ ನೀರು ಹೋಗಲು ದಾರಿಯೇ ಇರಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಊರಿಗೆ ಊರೇ ನಿಂತುಹೋಯಿತು. ಅಷ್ಟು ಪ್ರತಿ ವರ್ಷ ಆಗಲ್ಲ. ಫೋರ್ಟ್ ಭಾಗದಲ್ಲಿ ನೀರು ನಿಲ್ಲುವುದು ಸಯಾನ್, ಕುರ್ಲಾಗಳಿಗಿಂತ ಕಡಿಮೆ. ಆದರೆ ಫೋರ್ಟ್ ತಲುಪಲು ಆ ಕಡೆಯಿಂದಲೇ ಹಾದು ಬರಬೇಕಲ್ಲ. ಒದ್ದೆ ಕಲ್ಲಿನ ಬಣ್ಣ ಮಳೆಯಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ, ಅದು ನಿಜ. ಮಗ ಒಬ್ಬನೇ ಹೋಗುವುದಾದರೆ ಹೋಗು ಅನ್ನುತ್ತಿದ್ದೆ. ಮೊಣಕಾಲು ನೋವಿನವರಿಗೆ ಜಾರುವ ಫುಟ್‌ಪಾತ್ ಬೇಡ.

ಅಕ್ಟೋಬರಿನ ದಸರಾ ರಜೆ ಕಾಲೇಜಿಗೆ ಹೊಂದುತ್ತದೆ, ಆದರೆ ಮಳೆ ಬಿಟ್ಟ ಮೇಲಿನ ಆ ಸೆಕೆ ಕೆಟ್ಟದ್ದು. ಏಪ್ರಿಲ್, ಮೇ ಅಂತೂ ಬೆವರಲ್ಲೇ ಮುಗಿಯುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು, ನಿಮ್ಮ ಕುಯಿಲೂ ಆಗಲೇ. ನನ್ನ ಸಲಹೆ, ಅರೇಬಿಕಾ ಕುಯಿಲು ಮುಗಿಯುತ್ತಿದ್ದ ಹಾಗೆ ಜನವರಿ ಕೊನೆ ಅಥವಾ ಫೆಬ್ರವರಿ ಮೊದಲ ವಾರ. ಕಾಫಿ ಒಣಗಿಸುವ ಕಣಕ್ಕೆ ಯಾರಾದರೂ ನಂಬಿಕಸ್ಥರನ್ನು ಬಿಟ್ಟು ನಾಲ್ಕು ದಿನ ಹೋಗಿಬನ್ನಿ. ಮಗನ ಪರೀಕ್ಷೆಯ ವೇಳಾಪಟ್ಟಿ ಮೊದಲು ನೋಡಿಕೊಳ್ಳಿ. ಆ ಸಮಯದಲ್ಲೇ ಕಾಲಾ ಘೋಡಾ ಕಲಾ ಉತ್ಸವ ನಡೆಯುತ್ತದೆ. ಕಟ್ಟಡಗಳ ಬಗ್ಗೆ ಹೇಳುತ್ತಾ ನಡೆಸಿಕೊಂಡು ಹೋಗುವ ಕಾರ್ಯಕ್ರಮಗಳೂ ಇರುತ್ತವೆ. ಮಗನಿಗೆ ಅದು ಹಬ್ಬ, ಅತ್ತೆಗೆ ಆ ಜಂಗುಳಿ ಆಗಿಬರಲ್ಲ. ಹಾಗಾಗಿ ಉತ್ಸವದ ದಿನ ಗಂಡ ಮಗ ಒಂದು ಕಡೆ, ನೀವಿಬ್ಬರು ಮ್ಯೂಸಿಯಂ ಒಂದು ಕಡೆ ಅಂತ ಹಂಚಿಕೊಳ್ಳಿ.

ಭಾನುವಾರವೋ ವಾರದ ದಿನವೋ ಅನ್ನೋದೂ ಯೋಚಿಸಬೇಕಾದದ್ದೇ. ಭಾನುವಾರ ಬೆಳಿಗ್ಗೆ ಫೋರ್ಟ್ ಖಾಲಿ. ರಸ್ತೆ ಮಧ್ಯೆ ನಿಂತರೂ ಯಾರೂ ಬೈಯಲ್ಲ. ಕಟ್ಟಡ ನೋಡಲು ಅದಕ್ಕಿಂತ ಒಳ್ಳೆ ಹೊತ್ತಿಲ್ಲ, ಆದರೆ ಕಚೇರಿಗಳು ಮುಚ್ಚಿರುತ್ತವೆ. ವಾರದ ದಿನ ಎಲ್ಲ ತೆರೆದಿರುತ್ತದೆ, ಜನರ ನಡುವೆ ನಡೆಯೋದೇ ಕಷ್ಟ. ಅದಕ್ಕೆ ಶನಿವಾರ ತಲುಪಿ ಮಂಗಳವಾರ ಹೊರಡಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಓವಲ್. ಮೈದಾನದ ಪೂರ್ವ ಬದಿಯ ರಸ್ತೆಯಲ್ಲಿ ಸೆಕ್ರೆಟರಿಯೇಟಿನಿಂದ ಹೈಕೋರ್ಟಿನ ತನಕ ನಿಧಾನಕ್ಕೆ ನಡೆದರೆ ಸಾಕು, ಒಂದು ಕಿಲೋಮೀಟರೂ ಇಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಕಟ್ಟಡಗಳ ಮೇಲೆ ಬಿಸಿಲು ಬೀಳುವುದು ಸಂಜೆ. ಅದೇ ಜಾಗಕ್ಕೆ ಸಂಜೆ ನಾಲ್ಕೂವರೆ ಮೇಲೆ ಇನ್ನೊಮ್ಮೆ ಬನ್ನಿ, ಹಳದಿ ಕಲ್ಲು ಬೇರೆಯೇ ಕಾಣುತ್ತದೆ. ಸೋಮವಾರ ವಿಟಿ, ಪೋಸ್ಟ್ ಆಫೀಸ್, ಕ್ರಾಫರ್ಡ್ ಮಾರ್ಕೆಟ್, ಮೂರೂ ಹತ್ತಿರ ಹತ್ತಿರ. ಕತ್ತಲಾದ ಮೇಲೆ ದೀಪ ಹಾಕಿದ ವಿಟಿಯನ್ನು ಎದುರುಗಡೆಯಿಂದ ನೋಡಿ. ಗೇಟಿನ ಕಂಬಗಳ ಮೇಲೆ ಬ್ರಿಟನ್ನಿನ ಸಿಂಹ, ಭಾರತದ ಹುಲಿ ಕೂತಿವೆ. ಮಂಗಳವಾರ ಬೆಳಿಗ್ಗೆ ಬೈಕುಲ್ಲಾ. ಇಷ್ಟು ಸಾಕು.

ಅತ್ತೆಯವರ ವಿಷಯದಲ್ಲಿ ನನಗೆ ಹೆದರಿಕೆ ಇರುವುದು ಮೆಟ್ಟಿಲು ಮತ್ತು ಲೋಕಲ್ ರೈಲು, ಕಟ್ಟಡಗಳಲ್ಲ. ಏಷಿಯಾಟಿಕ್ ಸೊಸೈಟಿಯ ಎತ್ತರದ ಮೆಟ್ಟಿಲು ಬಿಟ್ಟುಬಿಡಿ. ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ ದಕ್ಷಿಣಕ್ಕೆ ಬರುವ ಲೋಕಲ್, ಸಂಜೆ ಐದೂವರೆ ಮೇಲೆ ಉತ್ತರಕ್ಕೆ ಹೋಗುವ ಲೋಕಲ್, ಎರಡನ್ನೂ ಹತ್ತಬೇಡಿ. ಕಪ್ಪು ಹಳದಿ ಟ್ಯಾಕ್ಸಿ ಮೀಟರ್ ಹಾಕಿ ಬರುತ್ತವೆ, ಸಣ್ಣ ದೂರಕ್ಕೂ ಅದನ್ನೇ ಹಿಡಿಯಿರಿ. ವಿಮಾನದಲ್ಲಿ ಹೋಗುವುದಾದರೆ ಏರ್‌ಪೋರ್ಟಿನಿಂದ ಹುತಾತ್ಮ ಚೌಕ, ಚರ್ಚ್‌ಗೇಟ್ ತನಕ ನೆಲದಡಿಯ ಮೆಟ್ರೋ ಈಗ ಇದೆ.

ರೈಲಾದರೆ ಕಡೂರು, ಬೀರೂರು, ಅರಸೀಕೆರೆ ಎಲ್ಲ ಹುಬ್ಬಳ್ಳಿ ಮಾರ್ಗದಲ್ಲೇ ಇವೆ. ಆ ಕಡೆಯಿಂದ ಮುಂಬೈಗೆ ಹೋಗುವ ಗಾಡಿ ಹಿಡಿಯಬಹುದು. ಟಿಕೆಟ್ ಮಾಡುವಾಗ ಗಾಡಿ ಕೊನೆಗೆ ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ದಾದರ್, ಕುರ್ಲಾ ಹತ್ತಿರದ ಎಲ್‌ಟಿಟಿ (ಲೋಕಮಾನ್ಯ ತಿಲಕ್ ಟರ್ಮಿನಸ್), ವಿಟಿ ಮೂರೂ ಬೇರೆ ಬೇರೆ, ನಡುವೆ ಸಾಕಷ್ಟು ದೂರ. ವಿಟಿಯಲ್ಲೇ ಇಳಿಯಬೇಕು ಅಂತಿದ್ದರೆ ಬೆಂಗಳೂರಿಗೆ ಹೋಗಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ. ಇಡೀ ದಿನ ಹಿಡಿಯುತ್ತದೆ, ಕೆಳಗಿನ ಬರ್ತ್ ಸಿಕ್ಕರೆ ಮಾತ್ರ ಒಪ್ಪಿಕೊಳ್ಳಿ.

ಹೊರಡುವ ಮುಂಚೆ ಮಗನನ್ನು ಒಂದು ದಿನ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚಿಗೆ ಕರೆದುಕೊಂಡು ಬನ್ನಿ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು, ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ನಿಂತಿದೆ. ಮಳೆಗಾಲದಲ್ಲಿ ನೀರಲ್ಲಿರುತ್ತದೆ, ನೀರು ಇಳಿದ ಮೇಲೆ ಹತ್ತಿರ ಹೋಗಬಹುದು. ಚಾವಣಿ ಇಲ್ಲದ ಕಾರಣ ಚೂಪು ಕಮಾನು ಹೇಗೆ ನಿಲ್ಲುತ್ತದೆ, ಭಾರ ಎಲ್ಲಿ ಇಳಿಯುತ್ತದೆ ಅನ್ನೋದು ಬಿಚ್ಚಿಟ್ಟ ಹಾಗೆ ಕಾಣುತ್ತದೆ. ಮುಂಬೈಯಲ್ಲಿ ಅದೆಲ್ಲ ಗೋಡೆಯೊಳಗೆ ಮುಚ್ಚಿಹೋಗಿದೆ. ಇಲ್ಲಿ ಮಾತ್ರ ಗೋಡೆಯ ಕೆಳಗೆ ಹೋಗದೆ ದೂರದಿಂದಲೇ ನೋಡಿ, ಇದಕ್ಕೆ ನಿಜವಾಗಿಯೂ ಕುಸಿಯುವ ಅಪಾಯ ಇದೆ.

ಉಳಿಯಲು ಫೋರ್ಟ್ ಅಥವಾ ಚರ್ಚ್‌ಗೇಟ್ ಹತ್ತಿರವೇ ರೂಮ್ ಮಾಡಿ. ಬಾಡಿಗೆ ಜಾಸ್ತಿ ಆಗುತ್ತದೆ, ಆದರೆ ಮಧ್ಯಾಹ್ನ ಅತ್ತೆಯವರು ರೂಮಿಗೆ ಬಂದು ಮಲಗಬಹುದು. ಅಲ್ಲಿನ ಎಷ್ಟೋ ಲಾಡ್ಜುಗಳೂ ಹಳೇ ಕಟ್ಟಡಗಳೇ, ಮೂರನೇ ಮಹಡಿಗೆ ಮರದ ಮೆಟ್ಟಿಲು. ಬುಕ್ ಮಾಡುವ ಮುಂಚೆ ಫೋನ್ ಮಾಡಿ, ಲಿಫ್ಟ್ ಇದೆಯಾ, ಇದ್ದರೆ ಓಡುತ್ತಾ ಅಂತ ಎರಡನ್ನೂ ಕೇಳಿ.